ನ್ಯೂಟ್ರಲ್ ಇಲ್ಲದ 240

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಮಕ್ಕಳು ಅಮೆರಿಕದಲ್ಲೋ ಕೆನಡಾದಲ್ಲೋ ಇದ್ದಾರೆ. ಬೇಸಿಗೆ ಹತ್ತಿರ ಬಂತು, ಅಪ್ಪ ಅಮ್ಮ ಹೊರಡುವ ಕಾಲ. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಹುಳಿಪುಡಿ ಜೊತೆಗೆ ಮಿಕ್ಸಿ, ಗ್ರೈಂಡರ್ ಕೂಡ ಹೊರಡುತ್ತವೆ. ಹಾಗಾಗಿ ಎಂಸಿಬಿ ಬೀಳುವುದು, ಫ್ಯಾನ್ ಸದ್ದು ಮಾಡುವುದು ಇಂಥ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಆ ಓದುಗರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಗಳು ಡಲ್ಲಾಸ್ ಹತ್ತಿರ ಸ್ವಂತ ಮನೆ ತೆಗೆದುಕೊಂಡಿದ್ದಾಳೆ. ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್ ತೆಗೆದುಕೊಂಡು ಹೋಗೋಣ ಎಂದಿದ್ದೇನೆ. ಅಲ್ಲಿ 110 ವೋಲ್ಟ್ ಮಾತ್ರ, ಓಡಲ್ಲ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ನಮ್ಮ ಮನೆಗೆ 240 ಕೂಡ ಬರುತ್ತದೆ, ಬಟ್ಟೆ ಒಣಗಿಸುವ ಮೆಷಿನ್ ಅದರಲ್ಲೇ ಓಡುವುದು ಎಂದು ಅಳಿಯಂದಿರು ಹೇಳುತ್ತಾರೆ. ಯಾರ ಮಾತು ಸರಿ?
— ಒಬ್ಬ ತಾಯಿ, ಹನುಮಂತನಗರ

ಅಳಿಯಂದಿರ ಮಾತು ಸರಿ ತಾಯಿ. ಆದರೆ ಆ 240 ನಮ್ಮ 230ರ ತರಹದ್ದಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಬೇರೆ ಪತ್ರಗಳಿಗೂ ಇದೇ ಬುಡ.

ನಿಮ್ಮ ಹನುಮಂತನಗರದ ಮನೆಗೆ ಸಿಂಗಲ್ ಫೇಸ್ ಇದ್ದರೆ ಕಂಬದಿಂದ ಎರಡು ತಂತಿ ಬರುತ್ತವೆ. ಒಂದು ಫೇಸ್, ಒಂದು ನ್ಯೂಟ್ರಲ್. ನ್ಯೂಟ್ರಲ್ ಅನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ಭೂಮಿಗೆ ಕಟ್ಟಿರುತ್ತಾರೆ. ಫೇಸ್‌ಗೆ ಟೆಸ್ಟರ್ ಇಟ್ಟರೆ ದೀಪ ಹತ್ತುತ್ತದೆ, ನ್ಯೂಟ್ರಲ್‌ಗೆ ಇಟ್ಟರೆ ಹತ್ತುವುದಿಲ್ಲ. ಎರಡರ ನಡುವೆ 230 ವೋಲ್ಟ್.

ಅಮೆರಿಕದಲ್ಲಿ ಕೆಲವೇ ಮನೆಗಳಿಗೆ ಒಂದರಂತೆ ಕಂಬದ ಮೇಲೆ ಡಬ್ಬದಂಥ ಚಿಕ್ಕ ಟ್ರಾನ್ಸ್‌ಫಾರ್ಮರ್ ಕೂತಿರುತ್ತದೆ. ಅದರಿಂದ ಮನೆಗೆ ಮೂರು ತಂತಿ ಇಳಿಯುತ್ತವೆ. ವೈಂಡಿಂಗಿನ, ಅಂದರೆ ಅದರೊಳಗೆ ಸುತ್ತಿದ ತಂತಿಯ, ಎರಡು ತುದಿಯಿಂದ ಎರಡು, ನಟ್ಟ ನಡುವಿನಿಂದ ಒಂದು. ನಡುವಿನದನ್ನು ಭೂಮಿಗೆ ಕಟ್ಟುತ್ತಾರೆ, ಅದೇ ನ್ಯೂಟ್ರಲ್. ಯಾವ ತುದಿಯಿಂದ ನಡುವಿಗೆ ಅಳೆದರೂ 120 ವೋಲ್ಟ್. ತುದಿಯಿಂದ ತುದಿಗೆ ಅಳೆದರೆ 240. ಮೊಸರು ಕಡೆಯುವ ಹಗ್ಗದ ಎರಡು ತುದಿ ನೆನಪಿಸಿಕೊಳ್ಳಿ. ಒಂದು ಕೈ ಹಿಂದೆ ಬಂದಾಗ ಇನ್ನೊಂದು ಮುಂದೆ ಹೋಗುತ್ತದೆ. ಆ ಎರಡು ತಂತಿಗಳ ಕರೆಂಟೂ ಹಾಗೇ, ಒಂದಕ್ಕೊಂದು ವಿರುದ್ಧ. ದೀಪ, ಫ್ರಿಡ್ಜ್, ಟೀವಿಗೆ ಒಂದು ತುದಿ ಮತ್ತು ನಡುವಿನ ತಂತಿ ಸಾಕು. ಬಟ್ಟೆ ಒಣಗಿಸುವ ಮೆಷಿನ್, ಕರೆಂಟ್ ಒಲೆ, ದೊಡ್ಡ ಏಸಿ, ಕಾರು ಚಾರ್ಜರ್ ಇವಕ್ಕೆಲ್ಲ ಎರಡು ತುದಿಯೂ ಬೇಕು.

ಅಂದರೆ ಅಲ್ಲಿನ 240ರಲ್ಲಿ ಎರಡು ತಂತಿಯೂ ಫೇಸೇ. ಗ್ರೈಂಡರ್ ಮೋಟಾರಿಗೆ ಇದರಿಂದ ಏನೂ ಆಗುವುದಿಲ್ಲ. ಅದಕ್ಕೆ ಬೇಕಾಗಿರುವುದು ಎರಡು ತಂತಿಯ ನಡುವಿನ ವ್ಯತ್ಯಾಸ ಮಾತ್ರ. ತೊಂದರೆ ಇರುವುದು ಸ್ವಿಚ್ಚಿನಲ್ಲಿ. ನಮ್ಮ ಗ್ರೈಂಡರ್‌ಗಳ ಸ್ವಿಚ್ ಸಾಮಾನ್ಯವಾಗಿ ಒಂದೇ ತಂತಿಯನ್ನು ಕತ್ತರಿಸುತ್ತದೆ. ಇಲ್ಲಿ ಆ ತಂತಿ ಫೇಸ್ ಆಗಿದ್ದರೆ ಕತ್ತರಿಸಿದ ಮೇಲೆ ಒಳಗೆ ಉಳಿಯುವುದು ನ್ಯೂಟ್ರಲ್. ಅಲ್ಲಿ ಒಂದು ಫೇಸ್ ಕತ್ತರಿಸಿದರೆ ಇನ್ನೊಂದು ಫೇಸ್ ಮೋಟಾರಿನ ವೈಂಡಿಂಗ್ ಒಳಗೆಲ್ಲ ಹಾಗೇ ಕೂತಿರುತ್ತದೆ. ಗ್ರೈಂಡರ್ ನಿಂತಿದೆ, ಸ್ವಿಚ್ ಆಫ್ ಆಗಿದೆ, ಹಿಟ್ಟು ಚೆಲ್ಲಿ ಬುಡಕ್ಕೆ ಇಳಿದಿದೆ, ನೀವು ಒದ್ದೆ ಬಟ್ಟೆ ಹಿಡಿದು ಕೆಳಗಿಂದ ಒರೆಸಲು ಹೋಗುತ್ತೀರಿ. ಒಳಗೆ ಭೂಮಿಯ ಲೆಕ್ಕದಲ್ಲಿ 120 ವೋಲ್ಟ್ ಕಾಯುತ್ತಿದೆ. ಅಲ್ಲಿ 240ಕ್ಕೆ ಕೊಟ್ಟ ಯಾವ ಯಂತ್ರವನ್ನೇ ಆಗಲಿ, ಪ್ಲಗ್ ಕಿತ್ತ ಮೇಲೆಯೇ ಮುಟ್ಟಬೇಕು. ಅವರು ಅಂಥ ಲೈನಿಗೆ ಎರಡು ತಂತಿಯನ್ನೂ ಒಟ್ಟಿಗೆ ಬೀಳಿಸುವ ಜೋಡಿ ಬ್ರೇಕರ್ ಹಾಕುವುದು ಇದಕ್ಕೇ.

ಇನ್ನೊಂದು ವಿಷಯ ಹರ್ಟ್ಜ್, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹೋಗಿ ಬರುತ್ತದೆ ಎಂಬ ಲೆಕ್ಕ. ನಮ್ಮದು 50, ಅವರದು 60. ಗ್ರೈಂಡರಿನ ಮೋಟಾರು ಇಂಡಕ್ಷನ್ ಮೋಟಾರು. ಹರ್ಟ್ಜ್ ಎಷ್ಟೋ ಅದರ ವೇಗ ಅಷ್ಟು. ಇಲ್ಲಿ ಓಡುವುದಕ್ಕಿಂತ ಅಲ್ಲಿ ಶೇಕಡಾ 20 ಜೋರಾಗಿ ಓಡುತ್ತದೆ. ಮೋಟಾರು ಅದರಿಂದ ತಕ್ಷಣ ಸುಡುವುದಿಲ್ಲ, ಆದರೆ ಕಲ್ಲು ಜೋರಾಗಿ ಸುತ್ತಿದಷ್ಟೂ ಉದ್ದಿನ ಹಿಟ್ಟು ಬಿಸಿಯಾಗುತ್ತದೆ. ಗ್ರೈಂಡರ್ ಇಟ್ಟುಕೊಳ್ಳುವುದೇ ಹಿಟ್ಟು ತಣ್ಣಗೆ ಉಬ್ಬಿ ಬರಲಿ ಎಂದು, ಅಲ್ವಾ? ಟ್ರಾನ್ಸ್‌ಫಾರ್ಮರ್ ಹಾಕಿದರೂ ಇದು ಸರಿಹೋಗದು. ಅದು ವೋಲ್ಟ್ ಬದಲಿಸುತ್ತದೆಯೇ ಹೊರತು ಹರ್ಟ್ಜ್ ಬದಲಿಸುವುದಿಲ್ಲ.

ಮೇಲಿಂದ ಅವರ ನಿಯಮ ಬೇರೆ ಇದೆ. ಅಮೆರಿಕದ ರಾಷ್ಟ್ರೀಯ ವೈರಿಂಗ್ ನಿಯಮದ ಪ್ರಕಾರ ಮನೆಯೊಳಗೆ ಪ್ಲಗ್ ಹಾಕಿ ಬಳಸುವ ಸಣ್ಣ ಸಾಮಾನುಗಳಿಗೆ, ಅಂದರೆ 1440 ವೋಲ್ಟ್-ಆಂಪಿಯರ್‌ವರೆಗಿನವು ಅಥವಾ ಕಾಲು ಎಚ್‌ಪಿಗಿಂತ ಚಿಕ್ಕ ಮೋಟಾರಿನವು, 120ಕ್ಕಿಂತ ಜಾಸ್ತಿ ವೋಲ್ಟ್ ಕೊಡಬಾರದು. ಕಾಲು ಎಚ್‌ಪಿ ಎಂದರೆ ಸುಮಾರು 186 ವ್ಯಾಟ್. ನಿಮ್ಮ ಗ್ರೈಂಡರ್ ಹೆಚ್ಚು ಕಮ್ಮಿ 150 ವ್ಯಾಟಿನದು. ಅಲ್ಲಿನ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಇದಕ್ಕೆ 240ರ ಪಾಯಿಂಟ್ ಹಾಕಿಕೊಡಲ್ಲ ಎಂದರೆ ಅವನನ್ನು ಬೈಯಬೇಡಿ.

ಹಾಗಾದರೆ ಏನು ಮಾಡುವುದು? ನಮ್ಮ ದೇಶದ ಕಂಪನಿಗಳೇ 110 ವೋಲ್ಟ್, 60 ಹರ್ಟ್ಜ್ ಗ್ರೈಂಡರ್ ಮಾಡಿ ಅಲ್ಲಿ ಮಾರುತ್ತವೆ. ಅದನ್ನೇ ಕೊಳ್ಳಿ. ಸೂಟ್‌ಕೇಸಿನ ಆ ಜಾಗಕ್ಕೆ ಇನ್ನೊಂದಷ್ಟು ಹುಳಿಪುಡಿ ಹಿಡಿಯುತ್ತದೆ.

ಪ್ರಶ್ನೆ: ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅಡುಗೆಮನೆಯ ಎರಡು ಬೇರೆ ಬೇರೆ ಪ್ಲಗ್ ಪಾಯಿಂಟ್‌ಗಳಿಂದ ಒಂದೊಂದು ಫೇಸ್ ತೆಗೆದುಕೊಂಡು, ಎರಡನ್ನೂ ಒಂದು ಸಾಕೆಟ್ಟಿಗೆ ಸೇರಿಸಿದರೆ 240 ಸಿಗುತ್ತದೆ ಎಂದು ಯಾವುದೋ ವಿಡಿಯೋದಲ್ಲಿ ನೋಡಿದ್ದಾನಂತೆ. ನಾನು ಬೇಡ ಎಂದೆ. ಕಾರಣ ಹೇಳಲು ಆಗಲಿಲ್ಲ.
— ನಿವೃತ್ತ ಬ್ಯಾಂಕ್ ಉದ್ಯೋಗಿ, ವಿಜಯನಗರ

ಬೇಡ ಎಂದಿದ್ದು ಸರಿ ಸಾರ್. ಕಾರಣ ನಾನು ಹೇಳುತ್ತೇನೆ, ಇದನ್ನು ಹಾಗೇ ಫೋಟೋ ತೆಗೆದು ಅವನಿಗೆ ಕಳಿಸಿ.

ವೋಲ್ಟ್ ಮೀಟರ್ ಇಟ್ಟರೆ 240 ತೋರಿಸುವುದು ನಿಜ, ಆ ಎರಡು ಪಾಯಿಂಟ್ ಬೇರೆ ಬೇರೆ ತುದಿಯಿಂದ ಬಂದಿದ್ದರೆ. ಒಂದೇ ತುದಿಯಿಂದ ಬಂದಿದ್ದರೆ ಸೊನ್ನೆ ತೋರಿಸುತ್ತದೆ. ಆಗ ಹುಡುಗರು ಉದ್ದ ವೈರ್ ಎಳೆದುಕೊಂಡು ಇನ್ನೊಂದು ಕೋಣೆಯ ಪಾಯಿಂಟ್ ಹುಡುಕಲು ಶುರು ಮಾಡುತ್ತಾರೆ. ಅದು ಇನ್ನೂ ಕೆಟ್ಟದ್ದು.

ಈಗ ಎರಡು ಪ್ಲಗ್ಗಿನ ಆ ವೈರ್ ನೋಡಿ. ಯಂತ್ರ ಆನ್ ಆಗಿದೆ. ಯಾರೋ ಬಂದು ಒಂದು ಪ್ಲಗ್ ಕೀಳುತ್ತಾರೆ. ಇನ್ನೊಂದು ಪ್ಲಗ್ ಗೋಡೆಯಲ್ಲೇ ಇದೆ. ಅಲ್ಲಿಂದ ಕರೆಂಟ್ ಯಂತ್ರದ ವೈಂಡಿಂಗ್ ಮೂಲಕ ಬಂದು ಕಿತ್ತ ಪ್ಲಗ್ಗಿನ ಪಿನ್ನಿನಲ್ಲಿ ನಿಲ್ಲುತ್ತದೆ. ಕೈಯಲ್ಲಿ ಹಿಡಿದ ಪ್ಲಗ್ಗಿನ ಬೋಳು ಪಿನ್ನಿನಲ್ಲಿ 120 ವೋಲ್ಟ್! ಮೊಮ್ಮಗು ಇರುವ ಮನೆ ಎಂದೂ ಬರೆದಿದ್ದೀರಿ.

ಬ್ರೇಕರ್ ವಿಷಯವೂ ಹಾಗೇ. ಎರಡು ಪಾಯಿಂಟಿಗೆ ಎರಡು ಬಿಡಿ ಬ್ರೇಕರ್. ಯಂತ್ರದಲ್ಲಿ ಶಾರ್ಟ್ ಆದರೆ ಒಂದು ಬೀಳಬಹುದು, ಇನ್ನೊಂದು ನಿಂತೇ ಇರುತ್ತದೆ. ಕರೆಂಟ್ ಹೋಯಿತು ಎಂದುಕೊಂಡು ಕೈ ಹಾಕಿದರೆ ಹೊಡೆಯುತ್ತದೆ.

ಹೇಗೂ ಹೊಸದಾಗಿ ವೈರಿಂಗ್ ಆದ ಅಡುಗೆಮನೆಯಲ್ಲಿ ಈ ಆಟ ನಡೆಯುವುದಿಲ್ಲ. ಸಿಂಕ್ ಪಕ್ಕದ ಸಾಕೆಟ್ಟಿನಲ್ಲಿ ಎರಡು ಪುಟ್ಟ ಗುಂಡಿ ಇರುತ್ತವಲ್ಲ, ಒಂದು ಟೆಸ್ಟ್, ಒಂದು ರೀಸೆಟ್. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೇ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಅದು ಸದಾ ನೋಡುತ್ತಿರುತ್ತದೆ. ಸುಮಾರು 5 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೂ ಕಟ್. ನಮ್ಮ ಮನೆಗಳಲ್ಲಿ ಸೋರುವ ಕರೆಂಟ್ ಹಿಡಿದು ಕತ್ತರಿಸುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿ ಆಂಪಿಯರಿನದು, ಅದಕ್ಕಿಂತ ಇದು ಬಹಳ ಸೂಕ್ಷ್ಮ. ಎರಡು ಫೇಸ್ ಸೇರಿಸಿದರೆ ಕರೆಂಟ್ ನ್ಯೂಟ್ರಲ್‌ಗೆ ಬರುವುದೇ ಇಲ್ಲ. ತಕ್ಷಣ ಬೀಳುತ್ತದೆ. ಆಗ ಅದನ್ನೇ ತೆಗೆದುಹಾಕಿ ಮಾಮೂಲಿ ಸಾಕೆಟ್ ಕೂರಿಸುವ ಮಹಾನುಭಾವರೂ ಇದ್ದಾರೆ. ನಿಮ್ಮ ಮಗ ಅಷ್ಟು ದೂರ ಹೋಗಲಾರ ಎಂದುಕೊಳ್ಳುತ್ತೇನೆ.

ಒಣಗಿಸುವ ಮೆಷಿನ್ನಿನ ಪಾಯಿಂಟಿಗೆ ಅಡಾಪ್ಟರ್ ಹಾಕಿ ಮಿಕ್ಸಿ ಸಿಕ್ಕಿಸುವುದೂ ಬೇಡ. ಅದರ ಬ್ರೇಕರ್ 30 ಆಂಪಿನದು. ಮಿಕ್ಸಿಯ ಸಣ್ಣ ವೈರ್ ಕಾದು ಕರಗುತ್ತಿದ್ದರೂ ಆ ಬ್ರೇಕರಿಗೆ ಅದು ಲೆಕ್ಕಕ್ಕೇ ಇಲ್ಲ. 240 ನಿಜವಾಗಿ ಬೇಕಾದ ದೊಡ್ಡ ಯಂತ್ರ ಇದ್ದರೆ ಪ್ಯಾನೆಲ್‌ನಿಂದ ಬೇರೆ ಲೈನ್ ಎಳೆಸಬೇಕು. ಅದಕ್ಕೆ ಜೋಡಿ ಬ್ರೇಕರ್, ಅಡ್ಡ ಪಿನ್ನಿನ 240ರ ಸಾಕೆಟ್, ಅರ್ಥ್ ತಂತಿ. ಅಂಥ ಲೈನಿನಲ್ಲಿ ಬಿಳಿ ತಂತಿಯನ್ನೂ ಫೇಸ್ ಆಗಿ ಬಳಸುತ್ತಾರೆ, ಅದರ ತುದಿಗೆ ಕಪ್ಪೋ ಕೆಂಪೋ ಟೇಪ್ ಸುತ್ತಿರುತ್ತಾರೆ. ಬಿಳಿ ಕಂಡರೆ ನ್ಯೂಟ್ರಲ್ ಎಂದು ನಂಬಿ ಮುಟ್ಟಬಾರದು.

ಪ್ರಶ್ನೆ: 750 ವ್ಯಾಟಿನ ಮಿಕ್ಸಿಗೆ ಎಸ್‌.ಪಿ. ರಸ್ತೆಯಲ್ಲಿ ಟ್ರಾನ್ಸ್‌ಫಾರ್ಮರ್ ಕೊಂಡರೆ ಸಾಕಾ? ಎಷ್ಟರದು ಕೊಳ್ಳಬೇಕು?
— ಗೃಹಿಣಿ, ರಾಜಾಜಿನಗರ

ಮಿಕ್ಸಿಯ ಮಟ್ಟಿಗೆ ಹರ್ಟ್ಜ್ ತಲೆನೋವು ಇಲ್ಲ. ಅದರೊಳಗಿರುವುದು ಕಾರ್ಬನ್ ಬ್ರಷ್ ಇರುವ ಮೋಟಾರು, 50 ಆದರೂ 60 ಆದರೂ ಓಡುತ್ತದೆ. ವೋಲ್ಟ್ ಮಾತ್ರ ಸರಿ ಬೇಕು. ನೇರವಾಗಿ 120ಕ್ಕೆ ಹಾಕಿದರೆ ಸುಡುವುದಿಲ್ಲ, ಮುಲುಗುತ್ತದೆ. ಚಟ್ನಿಯಲ್ಲಿ ಕಾಯಿ ಚೂರು ಚೂರೇ ಉಳಿಯುತ್ತದೆ.

750 ಎಂದು ಬರೆದಿದೆ ಎಂದು 750ರ ಟ್ರಾನ್ಸ್‌ಫಾರ್ಮರ್ ಕೊಂಡರೆ ಸಾಲದು. ಶುರುವಾಗುವ ಕ್ಷಣದಲ್ಲಿ ಮೋಟಾರು ಬಹಳ ಜಾಸ್ತಿ ಕರೆಂಟ್ ಎಳೆಯುತ್ತದೆ. ಕಡಿಮೆ ಎಂದರೂ 1500 ವಿಎ (ವೋಲ್ಟ್-ಆಂಪಿಯರ್) ತೆಗೆದುಕೊಳ್ಳಿ. ಅದು ಮಿಕ್ಸಿಗಿಂತ ಭಾರ ಇರುತ್ತದೆ, ವಿಮಾನದ ತೂಕದ ಲೆಕ್ಕ ನೀವೇ ಹಾಕಿ.

ಕೊಳ್ಳುವಾಗ ಒಂದು ವಿಷಯ ಒತ್ತಿ ಕೇಳಿ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 230ರಿಂದ 110ಕ್ಕೆ ಇಳಿಸುವಂಥದ್ದು, ಅಲ್ಲಿಂದ ಸಾಮಾನು ತಂದವರಿಗಾಗಿ ಮಾಡಿದ್ದು. ಅದನ್ನೇ ತಿರುವಿ ಹಾಕಿದರೆ ಆಯ್ತು ಎನ್ನುತ್ತಾರೆ. ಅಲ್ಲಿ ಬರುವುದು 110 ಅಲ್ಲ, 120. ತಿರುವಿ ಹಾಕಿದರೆ ಲೆಕ್ಕದ ಪ್ರಕಾರ ಆಚೆ ಕಡೆ 250ರ ಹತ್ತಿರ ಬರುತ್ತದೆ. ಅದಕ್ಕೆ 120ರ ಟ್ಯಾಪ್ ಇರುವ, ಏರಿಸುವುದಕ್ಕೇ ಮಾಡಿದ ಟ್ರಾನ್ಸ್‌ಫಾರ್ಮರ್ ಕೇಳಿ. ಅರ್ಥ್ ಪಿನ್ ಎರಡೂ ಕಡೆ ಇರಲೇಬೇಕು. ಅಂಗೈಯಷ್ಟೇ ಇರುವ, ಕೈಚೀಲದಲ್ಲಿ ಹಿಡಿಯುವ 'ಟ್ರಾವೆಲ್ ಕನ್ವರ್ಟರ್'ಗಳನ್ನು ಮೋಟಾರಿಗೆ ಹಾಕಲೇಬೇಡಿ. ಅವು ಕೂದಲು ಒಣಗಿಸುವಂಥ ಬಿಸಿ ಸಾಮಾನುಗಳಿಗೆ.

ಅಲ್ಲಿ ಮಾಮೂಲಿ ಪಾಯಿಂಟ್ 15 ಆಂಪಿನದು, ಅಂದರೆ 1800 ವ್ಯಾಟ್. ಅದೇ ಲೈನಿನಲ್ಲಿ ಮೈಕ್ರೋವೇವ್ ಓಡುತ್ತಿರುವಾಗ ಮಿಕ್ಸಿ ಹಾಕಿದರೆ ಬ್ರೇಕರ್ ಬೀಳುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪ್, ಫೋನ್ ಚಾರ್ಜರ್‌ಗೂ ಟ್ರಾನ್ಸ್‌ಫಾರ್ಮರ್ ಬೇಕಾ?
— ವಿದ್ಯಾರ್ಥಿನಿ, ಯಲಹಂಕ

ಬೇಡಮ್ಮ. ಚಾರ್ಜರ್ ಮೇಲೆ ಸಣ್ಣ ಅಕ್ಷರದಲ್ಲಿ 100–240 ವೋಲ್ಟ್, 50/60 ಹರ್ಟ್ಜ್ ಎಂದಿರುತ್ತದೆ. ಇದ್ದರೆ ಪಿನ್ ಬದಲಿಸುವ ಅಡಾಪ್ಟರ್ ಸಾಕು.

ಪ್ರಶ್ನೆ: ಪೀಣ್ಯದಲ್ಲಿ ನನ್ನದು ಸಣ್ಣ ವರ್ಕ್‌ಶಾಪ್. ಚಕ್ಕುಲಿ, ಖಾರದ ಕಡ್ಡಿ ಒತ್ತುವ ಯಂತ್ರ ಮಾಡುತ್ತೇನೆ. 1 ಎಚ್‌ಪಿ, 415 ವೋಲ್ಟ್ ತ್ರೀ ಫೇಸ್ ಮೋಟಾರು. ಟೆಕ್ಸಾಸ್‌ನಲ್ಲಿರುವ ಒಬ್ಬರು ಮನೆಯ ಗ್ಯಾರೇಜಿನಲ್ಲಿ ಇಟ್ಟುಕೊಳ್ಳಲು ಒಂದು ಕೇಳಿದ್ದಾರೆ. ಹೇಗೆ ಕೊಡಲಿ?
— ಸಣ್ಣ ಉದ್ಯಮಿ, ಪೀಣ್ಯ

ನಿಮ್ಮ ಪತ್ರ ನೋಡಿ ಖುಷಿಯಾಯಿತು. ಮೋಟಾರು ವೈಂಡಿಂಗ್ ಮಾಡಿಯೇ ಬದುಕಿದವನು ನಾನು, ಪೀಣ್ಯ ಎಂದರೆ ತವರು.

ಅಲ್ಲಿ ಮನೆಗಳಿಗೆ ತ್ರೀ ಫೇಸ್ ಬರುವುದು ಅಪರೂಪ. ಆ ಎರಡು ಫೇಸಿನ 240 ಮಾತ್ರ, ಮೋಟಾರಿನ ಲೆಕ್ಕದಲ್ಲಿ ಅದೂ ಸಿಂಗಲ್ ಫೇಸೇ. ನೀವು ಮೋಟಾರು ಬದಲಿಸಿ ಸಿಂಗಲ್ ಫೇಸ್ ಹಾಕಬಹುದು. ಆದರೆ ನಾನಾಗಿದ್ದರೆ ಡ್ರೈವ್ ಹಾಕುತ್ತಿದ್ದೆ, ನೀವೆಲ್ಲ ವಿಎಫ್‌ಡಿ ಎನ್ನುತ್ತೀರಲ್ಲ, ಮೋಟಾರಿಗೆ ಹೋಗುವ ಹರ್ಟ್ಜ್ ಬದಲಿಸುವ ಪೆಟ್ಟಿಗೆ, ಅದು. ಸಿಂಗಲ್ ಫೇಸ್ 240 ಒಳಗೆ, ತ್ರೀ ಫೇಸ್ 240 ಹೊರಗೆ. ಸಿಂಗಲ್ ಫೇಸ್ ಇನ್‌ಪುಟ್‌ಗೇ ಮಾಡಿದ ಡ್ರೈವ್ ಆಗಿರಲಿ.

415ರ ಮೋಟಾರು 240ಕ್ಕೆ ಹೇಗೆ ಓಡುತ್ತದೆ? ಟರ್ಮಿನಲ್ ಬಾಕ್ಸ್ ತೆಗೆದು ನೋಡಿ. ಸಣ್ಣ ಮೋಟಾರುಗಳು ಬಹಳಷ್ಟು ಸ್ಟಾರ್‌ನಲ್ಲಿ ಇರುತ್ತವೆ, ಅಂದರೆ ಮೂರು ವೈಂಡಿಂಗಿನ ಒಂದೊಂದು ತುದಿ ಒಂದೇ ಕಡೆ ಸೇರಿರುತ್ತದೆ. ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದರೆ ಡೆಲ್ಟಾ. ಆರು ತುದಿಯೂ ಹೊರಗೆ ಬಂದಿದ್ದು, ಪ್ಲೇಟಿನ ಮೇಲೆ ಡೆಲ್ಟಾ 240, ಸ್ಟಾರ್ 415 ಎಂದಿದ್ದರೆ ಪಟ್ಟಿ ಬದಲಿಸಿ ಡೆಲ್ಟಾ ಮಾಡಿ. ಅಷ್ಟೇ ಕೆಲಸ. ಮೂರೇ ತುದಿ ಹೊರಗಿದ್ದರೆ ವೈಂಡಿಂಗ್‌ನವರ ಹತ್ತಿರ ಹೋಗಬೇಕು.

ಈ ದಾರಿಯಲ್ಲಿ ಇನ್ನೊಂದು ಲಾಭ. ಡ್ರೈವ್‌ನ ಔಟ್‌ಪುಟ್ ಅನ್ನು 50 ಹರ್ಟ್ಜ್‌ಗೇ ನಿಲ್ಲಿಸಬಹುದು. ಪೀಣ್ಯದಲ್ಲಿ ಯಾವ ವೇಗದಲ್ಲಿ ಚಕ್ಕುಲಿ ಬರುತ್ತದೋ ಟೆಕ್ಸಾಸ್‌ನಲ್ಲೂ ಅದೇ ವೇಗ. ಗೇರ್, ಪುಲ್ಲಿ ಏನನ್ನೂ ಮುಟ್ಟಬೇಕಿಲ್ಲ.

ಪ್ಯಾನೆಲ್ ಬಾಕ್ಸಿನಲ್ಲಿ ಎರಡು ವಿಷಯ. ಕಾಂಟ್ಯಾಕ್ಟರ್, ಅಂದರೆ ಅಯಸ್ಕಾಂತದ ಸ್ವಿಚ್, ಅದರ ಕಾಯಿಲ್ 50/60 ಎಂದಿರುವುದನ್ನು ಹಾಕಿ. ಬರೀ 50ರ ಕಾಯಿಲ್ 60ರಲ್ಲಿ ಕಡಿಮೆ ಕರೆಂಟ್ ಎಳೆದು ಹಿಡಿತ ಸಡಿಲ ಆಗುತ್ತದೆ. ಎರಡನೆಯದು ಮುಖ್ಯ. ಇಲ್ಲಿ ಕೆಲವರು ಅರ್ಥ್ ತಂತಿ ಉಳಿಸಲು ನ್ಯೂಟ್ರಲ್ ಅನ್ನೇ ಬಾಡಿಗೆ ಕಟ್ಟಿಬಿಡುತ್ತಾರೆ. ಇಲ್ಲೂ ಅದು ತಪ್ಪೇ. ಅಲ್ಲಿ ನೀವು ನ್ಯೂಟ್ರಲ್ ಎಂದು ಬರೆದ ಟರ್ಮಿನಲ್‌ಗೆ ಬರುವುದು ಫೇಸ್! ಅರ್ಥ್ ಸರಿ ಇದ್ದರೆ ಆನ್ ಮಾಡುತ್ತಲೇ ಬ್ರೇಕರ್ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಯಂತ್ರದ ಮೈಗೆಲ್ಲ 120 ವೋಲ್ಟ್. ಟರ್ಮಿನಲ್ ಮೇಲಿನ 'ನ್ಯೂಟ್ರಲ್' ಲೇಬಲ್ ಕಿತ್ತು 'ಲೈನ್ 1', 'ಲೈನ್ 2' ಎಂದು ಬರೆಯಿರಿ. ಮೇನ್ ಸ್ವಿಚ್ ಎರಡು ತಂತಿಯನ್ನೂ ಕತ್ತರಿಸುವಂಥದ್ದಾಗಿರಲಿ. ಇಷ್ಟಾದರೂ, ಅಲ್ಲಿನ ಇನ್‌ಸ್ಪೆಕ್ಟರ್ ಒಪ್ಪುವ ಸರ್ಟಿಫಿಕೇಟ್ ಯಾವುದು ಬೇಕು ಎಂದು ಕೊಳ್ಳುವವರೇ ಮೊದಲು ವಿಚಾರಿಸಿಕೊಳ್ಳಲಿ. ಯಂತ್ರ ಹಡಗು ಹತ್ತಿದ ಮೇಲೆ ವಿಚಾರಿಸಿದರೆ ಪ್ರಯೋಜನವಿಲ್ಲ.

ನಾಳೆ ಅವರು ಅಂಗಡಿ ಮಾಡಿ ಅಲ್ಲಿಗೆ ಒಯ್ದರೆ ಬೇರೆ ಲೆಕ್ಕ. ಅಂಗಡಿ, ಹೋಟೆಲುಗಳಿಗೆ, ಎಷ್ಟೋ ಅಪಾರ್ಟ್‌ಮೆಂಟ್‌ಗಳಿಗೂ, ತ್ರೀ ಫೇಸಿನಿಂದ ತೆಗೆದ 208 ವೋಲ್ಟ್ ಇರುತ್ತದೆ, 240 ಅಲ್ಲ. ಮೋಟಾರಿನದು ಹೇಗೋ ನಡೆದೀತು. ಆದರೆ ಎಣ್ಣೆ ಕಾಯಿಸುವ 230 ವೋಲ್ಟಿನ ಹೀಟರ್ ಜೊತೆಗೆ ಕೊಡುತ್ತಿದ್ದರೆ ಅದರ ಶಾಖ ಶೇಕಡಾ 18 ಇಳಿಯುತ್ತದೆ, ಏಕೆಂದರೆ ಶಾಖ ವೋಲ್ಟಿನ ವರ್ಗದ ಲೆಕ್ಕದಲ್ಲಿ ಹೋಗುತ್ತದೆ. 240ರಲ್ಲಾದರೆ ಶೇಕಡಾ 9 ಏರುತ್ತದೆ. 'ನಿಮ್ಮ ಯಂತ್ರದಲ್ಲಿ ಚಕ್ಕುಲಿ ಎಣ್ಣೆ ಕುಡಿಯುತ್ತೆ' ಎಂದು ಫೋನ್ ಬಂದರೆ ಮೊದಲು ವೋಲ್ಟ್ ಎಷ್ಟಿದೆ ಎಂದು ಕೇಳಿ.

ಪ್ರಶ್ನೆ: ಅಷ್ಟು ಮುಂದುವರಿದ ದೇಶ ಇನ್ನೂ 120ರಲ್ಲೇ ಏಕೆ ಇದೆ?
— ಪಿಯುಸಿ ವಿದ್ಯಾರ್ಥಿ, ಮಲ್ಲೇಶ್ವರ

ಮೊದಲು ಶುರು ಮಾಡಿದವರ ಕಷ್ಟ ಅದು. 1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಿಂದ ಕರೆಂಟ್ ಮಾರಲು ಶುರು ಮಾಡಿದಾಗ ಅವನ ಬಲ್ಬಿಗೆ ತಕ್ಕಂತೆ ಇಟ್ಟುಕೊಂಡಿದ್ದು ಸುಮಾರು 110 ವೋಲ್ಟ್, ಅದೂ ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟ್. ತಾಮ್ರದ ಖರ್ಚು ಉಳಿಸಲು ಆಮೇಲೆ ಮೂರು ತಂತಿಯ ವ್ಯವಸ್ಥೆ ಬಂತು. ಹಿಂದೆ ಮುಂದೆ ಹೋಗುವ ಎಸಿ ಕರೆಂಟ್ ಬಂದರೂ ಮೂರು ತಂತಿ ಉಳಿಯಿತು. ಈಗ ಡಲ್ಲಾಸ್‌ನ ಮನೆಗೆ ಇಳಿಯುವುದು ಅದರ ಮರಿಮಗ. ಯುರೋಪಿನವರು 220ಕ್ಕೆ ಹೋದರು, ಅಷ್ಟೇ ವ್ಯಾಟಿಗೆ ಸಣ್ಣ ತಂತಿ ಸಾಕಾಯಿತು. ನಾವು ಬ್ರಿಟಿಷರ ದಾರಿ ಹಿಡಿದೆವು. ತಮಾಷೆ ಎಂದರೆ ಶಿವನಸಮುದ್ರದಲ್ಲಿ 1902ರಲ್ಲಿ ಕೆಜಿಎಫ್‌ಗೆ ಕರೆಂಟ್ ಕೊಟ್ಟ ಜನರೇಟರುಗಳು ಬಂದಿದ್ದು ಅಮೆರಿಕದಿಂದ. 1905ರಲ್ಲಿ ಬೆಂಗಳೂರಿಗೆ ಬೆಳಕು ಬಂದಿದ್ದೂ ಆ ಶಿವನಸಮುದ್ರದಿಂದಲೇ.

ಪ್ರಶ್ನೆ: ನಾವು ವಾಪಸ್ ಬಂದಿದ್ದೇವೆ. ಅಲ್ಲಿಂದ ತಂದ ಕೇಕ್ ಕಲಸುವ ಮೆಷಿನ್ ಮತ್ತು ಮೈಕ್ರೋವೇವ್ ಎರಡೂ 120 ವೋಲ್ಟ್. ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೆ ಆಗುತ್ತದಾ?
— ದಂಪತಿ, ವೈಟ್‌ಫೀಲ್ಡ್

ಕಲಸುವ ಮೆಷಿನ್ ಓಡುತ್ತದೆ. ಅದರಲ್ಲಿರುವುದೂ ಬ್ರಷ್ ಮೋಟಾರೇ ಆಗಿದ್ದರೆ ಯೋಚನೆ ಬೇಡ. ಅದರ ವ್ಯಾಟಿನ ಎರಡರಷ್ಟು ವಿಎ ಇರುವ ಟ್ರಾನ್ಸ್‌ಫಾರ್ಮರ್ ಕೊಳ್ಳಿ.

ಮೈಕ್ರೋವೇವ್ ಬೇಡ. 60 ಹರ್ಟ್ಜ್‌ಗೆ ಮಾಡಿದ ಅದರೊಳಗಿನ ಟ್ರಾನ್ಸ್‌ಫಾರ್ಮರ್ 50ರಲ್ಲಿ ಮಿತಿ ಮೀರಿ ಕಾಯುತ್ತದೆ. ಇಳಿಸುವ ಟ್ರಾನ್ಸ್‌ಫಾರ್ಮರ್ ಹರ್ಟ್ಜ್ ಸರಿ ಮಾಡುವುದಿಲ್ಲ ಎಂದು ಮೇಲೆಯೇ ಹೇಳಿದೆ. ಅದು ಎಳೆಯುವ ಕರೆಂಟಿಗೆ 2000 ವಿಎಗಿಂತ ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು, ಆ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಇಲ್ಲಿ ಹೊಸದೇ ಬರುತ್ತದೆ. ಕೆಟ್ಟ ಮೇಲೆ ಅದರ ಮುಚ್ಚಳ ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವೋಲ್ಟ್ ಉಳಿದಿರಬಹುದು.